ಪಾಂಗ್ ಲಿಯುವಿನ ಭರ್ತಿ ನೂರು

ಪಾಂಗ್ ಲಿಯು ಕೆಟ್ಟವನಲ್ಲ. ಎರಡು ಬಟ್ಟಲು ಹೆಂಡ ಒಳಗೆ ಹೋದರೆ ಇನ್ನೂ ಒಳ್ಳೆಯವನಾಗಿಬಿಡುತ್ತಾನೆ, ಅದೇ ತೊಂದರೆ. ಕೈಫೆಂಗ್ ರಾಜಧಾನಿಯಲ್ಲಿ ನದಿಯ ಸೇತುವೆ ಇಳಿದ ಕೂಡಲೇ ಸಿಗುವ ನಮ್ಮ ಬೀದಿಯಲ್ಲಿ ಅವನದು ಎಳ್ಳು ರೊಟ್ಟಿಯ ಅಂಗಡಿ. ಅಂಗಡಿ ಎಂದರೆ ಒಂದು ಒಲೆ, ಒಂದು ಹಲಗೆ, ಹಲಗೆಯ ಹಿಂದೆ ಅವನು, ಅವನ ಹಿಂದೆ ಅವನನ್ನು ಬೈಯುವುದಕ್ಕೆ ಹೆಂಡತಿ. ಲಿಯು ಎಂದರೆ ಆರು. ಮನೆಯಲ್ಲಿ ಆರನೆಯವನಾಗಿ ಹುಟ್ಟಿದ. ಅಷ್ಟು ಹೊತ್ತಿಗೆ ಹೆತ್ತವರಿಗೆ ಹೆಸರು ಹುಡುಕುವ ಉತ್ಸಾಹ ಮುಗಿದುಹೋಗಿತ್ತು. ತನಗೆ ಹೆಸರಿನ ಜಾಗದಲ್ಲಿ ಬರೀ ಲೆಕ್ಕ ಕೊಟ್ಟಿದ್ದಾರೆ, ಆ ಲೆಕ್ಕವೂ ತಲೆಗೆ ಹತ್ತಲಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ನಮ್ಮ ರಾಜಧಾನಿಯಲ್ಲಿ ಲೆಕ್ಕ ತಲೆಗೆ ಹತ್ತದಿದ್ದರೆ ಬದುಕುವುದು ಕಷ್ಟ. ಯಾಕೆಂದರೆ ಇಲ್ಲಿ ನೂರು ಕಾಸು ಎಂದರೆ ನೂರು ಕಾಸಲ್ಲ. ವ್ಯಾಪಾರವೆಲ್ಲ ತಾಮ್ರದ ತೂತುಕಾಸಿನ ಮೇಲೆ, ತಾಮ್ರವೋ ಎಂದೂ ಸಾಲದು. ಅದಕ್ಕೆ ಎಪ್ಪತ್ತೇಳು ಕಾಸನ್ನು ದಾರಕ್ಕೆ ಪೋಣಿಸಿ, ಗಂಟು ಹಾಕಿ, ಇದೇ ನೂರು ಎಂದು ಸರ್ಕಾರ ಹೇಳಿತು. ಸರ್ಕಾರವೇ ಹಾಗೆ ಹೇಳಿದ ಮೇಲೆ ಬೀದಿಯವರು ಹಿಂದೆ ಬೀಳುತ್ತಾರೆಯೇ? ಬೀದಿಯ ನೂರಿಗೆ ಎಪ್ಪತ್ತೈದು. ಮೀನು, ಮಾಂಸ, ಸೊಪ್ಪಿನವರ ನೂರಿಗೆ ಎಪ್ಪತ್ತೆರಡು. ಮುತ್ತು ಕೊಳ್ಳುವಾಗ, ಮನೆಗೆಲಸಕ್ಕೆ ಹುಡುಗಿಯನ್ನು ಗೊತ್ತುಮಾಡುವಾಗ, ಪಂಜರದ ಹಕ್ಕಿ, ಕೂಗುವ ಮಿಡತೆ ಕೊಳ್ಳುವಾಗ ಅರವತ್ತೆಂಟು. ಕಾಗದ ಪತ್ರ ಬರೆಸಿದರೆ ಐವತ್ತಾರು; ಅಕ್ಷರ ಬಲ್ಲವರಿಗೆ ನಮ್ಮಲ್ಲಿರುವ ಮರ್ಯಾದೆ ಅಷ್ಟು. ಇಂಥ ಹತ್ತು ನೂರು ಸೇರಿದರೆ ಒಂದು ಸರ. ಯಾರು ಏನು ಮಾರುತ್ತಿದ್ದಾರೆ ಎಂದು ಗೊತ್ತಿದ್ದರೆ ಅವರ ನೂರು ಎಷ್ಟು ಎಂದೂ ಗೊತ್ತಾಗುತ್ತದೆ, ಆದ್ದರಿಂದ ಜಗಳವಿಲ್ಲ. ಒಂದೇ ದಾರದಲ್ಲಿ ನಿಜವಾಗಿ ನೂರು ಕಾಸು ಇದ್ದದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಪಾಂಗ್ ಲಿಯುವಿನ ಒಬ್ಬಳೇ ಮಗಳು ಯಿಂಗ್‌ನಿಯಾಂಗ್‌ಗೆ ಮೀನಿನ ವ್ಯಾಪಾರಿ ದೌ ಯಜಮಾನರ ಎರಡನೆಯ ಮಗನ ಸಂಬಂಧ ಕೂಡಿಬಂತು. ಕೂಡಿಬಂತು ಎನ್ನುವುದು ದೊಡ್ಡವರ ಮಾತು. ಆ ಹುಡುಗ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಸೇತುವೆ ದಾಟಿ ಬಂದು ರೊಟ್ಟಿ ಕೊಳ್ಳುತ್ತಿದ್ದ. ಅವನ ಮನೆಯ ಪಕ್ಕದಲ್ಲೇ ಇದಕ್ಕಿಂತ ಒಳ್ಳೆಯ ರೊಟ್ಟಿ ಸಿಗುತ್ತಿತ್ತು. ಇದು ಪಾಂಗ್ ಲಿಯುವಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ತನ್ನ ರೊಟ್ಟಿಯ ಖ್ಯಾತಿ ಸೇತುವೆ ದಾಟಿದೆ ಎಂದು ಅವನು ಬೀಗುತ್ತಿದ್ದ.

ಮಾತುಕತೆಗೆ ದೌ ಯಜಮಾನರ ಮನೆಯಲ್ಲಿ ಊಟ. ನಡುವೆ ಕೂತಿದ್ದವಳು ಹೌ ಅಜ್ಜಿ, ನಮ್ಮ ಕಡೆಯ ಅರ್ಧ ಮದುವೆಗಳನ್ನು ಕುದುರಿಸಿದವಳು, ಉಳಿದರ್ಧದ ಬಗ್ಗೆ ಕೊಂಕು ಹೇಳುವವಳು. ದೌ ಯಜಮಾನರು ಹುಡುಗಿಯ ಮನೆಗೆ ಹನ್ನೆರಡು ಸರ ಉಡುಗೊರೆ ಕೊಡುವುದಾಗಿ ಹೇಳಿದರು. ಯಾವ ನೂರಿನಲ್ಲಿ ಎಂದು ಪಾಂಗ್ ಲಿಯುವಿನ ಹೆಂಡತಿ ತಟ್ಟನೆ ಕೇಳಿದಳು. ನಾವು ಮೀನಿನವರು, ನಮ್ಮ ನೂರಿನಲ್ಲಿ ಎಂದರು ಅವರು. ಇಲ್ಲಿ ಮೀನು ಮಾರುತ್ತಿಲ್ಲವಲ್ಲ ಎಂದಳು ಇವಳು. ತೀರ್ಪಿಗಾಗಿ ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಬಾತುಕೋಳಿಯ ಕಾಲು ಕೆಳಗಿಟ್ಟು, ಬೆರಳು ಒರೆಸಿಕೊಂಡು, ಹೆಣ್ಣಿಗೆ ಅಂತ ಬೇರೆ ನೂರು ಯಾರೂ ಗೊತ್ತುಮಾಡಿಲ್ಲ, ಈ ಮನೆಯ ಹುಡುಗಿ ಆ ಮನೆಗೆ ಕೆಲಸ ಮಾಡುವುದಕ್ಕೆ ಹೋಗುವುದು ತಾನೇ, ಕೆಲಸದ ಹುಡುಗಿಯ ಲೆಕ್ಕವೇ ನ್ಯಾಯ, ಅರವತ್ತೆಂಟು ಎಂದಳು. ದೌ ಯಜಮಾನರಿಗೆ ಕೂತಲ್ಲೇ ಲಾಭವಾಯಿತು. ಅಜ್ಜಿಯ ಮಾತಿಗೆ ಎದುರಿಲ್ಲ ಎಂದು ಅವರು ಎಲ್ಲರಿಗೂ ಹೆಂಡ ಬಗ್ಗಿಸಿದರು.

ಪಾಂಗ್ ಲಿಯು ಅಲ್ಲಿಯವರೆಗೆ ಕುರಿಯ ಸಾರಿನಲ್ಲಿ ಮಗ್ನನಾಗಿದ್ದ. ಅರವತ್ತೆಂಟು ಎನ್ನುವುದು ಕಿವಿಗೆ ಬಿದ್ದದ್ದೇ ಬಟ್ಟಲು ಕೆಳಗಿಟ್ಟ.

"ಅರವತ್ತೆಂಟು ಮಿಡತೆ ಲೆಕ್ಕ ಅಲ್ವಾ ಅಜ್ಜಿ?"

"ಮುತ್ತಿಗೂ ಅದೇ ಲೆಕ್ಕ ಕಣಪ್ಪ. ಮುತ್ತು ಅಂದ್ಕೊ, ಊಟ ಮಾಡು."

ಮುತ್ತು ಅಂದುಕೊಳ್ಳುವುದು ಅವನಿಂದ ಆಗಲಿಲ್ಲ. ಅವನ ಕಣ್ಣಿಗೆ ಸೇತುವೆಯ ಮೇಲೆ ಸೋರೆಬುರುಡೆಯಲ್ಲಿ ಮಿಡತೆ ಇಟ್ಟುಕೊಂಡು ಮಾರುವ ಮುದುಕನೇ ಕಾಣುತ್ತಿದ್ದ. ಎದ್ದು ನಿಂತ. ಹೆಂಡತಿ ಅಂಗಿಯ ಅಂಚು ಹಿಡಿದು ಎಳೆದಳು. ಅಂಚು ಕಿತ್ತು ಬಂತು, ಅವನು ಕೂರಲಿಲ್ಲ.

"ದೌ ಯಜಮಾನ್ರೇ, ನೀವು ಕೊಡೋದನ್ನ ನಿಮ್ಮ ಲೆಕ್ಕದಲ್ಲಿ ಕೊಡಿ, ನನಗೆ ಬೇಜಾರಿಲ್ಲ. ನನ್ನ ಮಗಳ ಜೊತೆ ಬಳುವಳಿ ಎಂಟು ಸರ ನಾನು ಕಳಿಸ್ತೀನಿ. ಭರ್ತಿ ನೂರು. ನೂರು ಅಂದ್ರೆ ನೂರು ಕಾಸು."

ಮನೆ ನಿಶ್ಶಬ್ದವಾಯಿತು. ದೌ ಯಜಮಾನರು ಬಗ್ಗಿಸುತ್ತಿದ್ದ ಹೆಂಡ ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು. ಹೌ ಅಜ್ಜಿ, ಅರವತ್ತು ವರ್ಷದಲ್ಲಿ ಇಂಥ ಮಾತು ಕೇಳದವಳು, ಬಾತುಕೋಳಿಯ ಕಾಲನ್ನೇ ಮರೆತಳು. ಇದೆಲ್ಲ ತನಗೆ ಸಲ್ಲುತ್ತಿರುವ ಗೌರವ ಎಂದುಕೊಂಡ ಪಾಂಗ್ ಲಿಯು ಇನ್ನೊಂದು ಬಟ್ಟಲು ಕುಡಿದು ಮನೆಗೆ ಹೊರಟ.

ಮರುದಿನ ಹಿಟ್ಟು ಕಲಸುವ ಹೊತ್ತಿಗೆ ಹೆಂಡತಿ ಅವನಿಗೆ ಗೌರವದ ಲೆಕ್ಕ ಹೇಳಿದಳು. ಧಾನ್ಯದ ಮಡಕೆಯ ಅಡಿಯಲ್ಲಿ ಮಗಳು ಹುಟ್ಟಿದಂದಿನಿಂದ ಕೂಡಿಟ್ಟ ಎಂಟು ಸರ ಇದ್ದದ್ದು ನಿಜ. ಆದರೆ ಅವು ಬೀದಿಯ ನೂರಿನ ಸರ. ಒಂದೊಂದು ನೂರಿಗೆ ಇಪ್ಪತ್ತೈದು ಕಾಸು ಕಮ್ಮಿ. ಎಂಟು ಸರಕ್ಕೆ ಎರಡು ಸಾವಿರ ಕಮ್ಮಿ. ಪಾಂಗ್ ಲಿಯು ಯಾವ ಎರಡು ಸಾವಿರ ಎಂದು ಕೇಳಿದ. ಅವಳು ಹಲಗೆಯ ಮೇಲೆ ಹಿಟ್ಟಿನ ಉಂಡೆಗಳನ್ನು ಸಾಲಾಗಿ ಇಟ್ಟು, ನಾಲ್ಕಕ್ಕೊಂದರಂತೆ ತೆಗೆದು ತೋರಿಸಿದಳು. ಉಂಡೆಗಳು ಕಮ್ಮಿಯಾಗುತ್ತ ಹೋದಂತೆ ಅವನ ಮುಖವೂ ಸಣ್ಣಗಾಯಿತು. ಅದಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಂಡದ್ದೋ, ನಾನು ಮರ್ಯಾದೆ ಅಂದುಕೊಂಡಿದ್ದೆ ಎಂದ.

"ಹೋಗಿ, ಬಾಯ್ತಪ್ಪಿ ಅಂದೆ ಅಂತ ಹೇಳಿ ಬನ್ನಿ."

"ಹೇಳಿದ್ರೆ ಮತ್ತೆ ಅರವತ್ತೆಂಟಕ್ಕೇ ಬರ್ತಾರೆ ಕಣೇ. ಇಲ್ಲಾಂದ್ರೆ ಸುಳ್ಳುಗಾರನ ಮಗಳು ಬೇಡ ಅಂತ ಸಂಬಂಧಾನೇ ಬಿಡ್ತಾರೆ."

ಒಳಗಿನಿಂದ ಎಳ್ಳು ಹುರಿಯುವ ಸದ್ದು ನಿಂತಿತು. ಯಿಂಗ್‌ನಿಯಾಂಗ್ ಒಳಗಿದ್ದಾಳೆ ಎನ್ನುವುದು ಇಬ್ಬರಿಗೂ ಆಗ ನೆನಪಾಯಿತು. ಸ್ವಲ್ಪ ಹೊತ್ತಾದ ಮೇಲೆ ಎಳ್ಳು ಸೀದ ವಾಸನೆ ಬಂತು. ಆ ಮನೆಯಲ್ಲಿ ಎಳ್ಳು ಸೀದದ್ದು ಅದೇ ಮೊದಲು. ಪಾಂಗ್ ಲಿಯು ಎರಡು ಸಾವಿರ ಕಾಸು ಹೊಂದಿಸಿಯೇ ತೀರುತ್ತೇನೆ ಎಂದು ಹಿಟ್ಟನ್ನು ಗುದ್ದತೊಡಗಿದ.

ಇಷ್ಟರಲ್ಲಿ ಹೌ ಅಜ್ಜಿ ಸೇತುವೆಯ ಎರಡೂ ಕಡೆ ಸುದ್ದಿ ಹಂಚಿ ಮುಗಿಸಿದ್ದಳು. ಮೊದಲು ಬಂದವನು ಪಕ್ಕದ ಕೊಡೆ ರಿಪೇರಿಯ ಗೆಂಗ್. ಗೆಂಗ್‌ನ ತರ್ಕಕ್ಕೆ ಹಿಂದು ಮುಂದು ಇರುತ್ತಿರಲಿಲ್ಲ, ನಡುವೆ ಮಾತ್ರ ಬಹಳ ಗಟ್ಟಿ. ಹೊಟ್ಟೆಗೆ ಬಟ್ಟೆಗೆ ನೇರ್ಪಾಗಿರುವವನು ಭರ್ತಿ ನೂರು ಕೊಡುವುದಿಲ್ಲ. ಅದನ್ನು ಕೊಡುವವನಿಗೆ ಎಣಿಸುವ ಗರಜೇ ಇರಬಾರದು. ಎಣಿಸುವ ಗರಜಿಲ್ಲದಷ್ಟು ಕಾಸು ರೊಟ್ಟಿ ಮಾರಿ ಬರುವುದಿಲ್ಲ. ಹೋದ ತಿಂಗಳು ಪಾಂಗ್ ಲಿಯು ಒಲೆ ಬಿಚ್ಚಿ ಹೊಸದಾಗಿ ಕಟ್ಟಿದ, ನೆಲ ಅಗೆದ. ಅಲ್ಲಿಗೆ ಎಲ್ಲ ಸರಿಹೋಯಿತು. ಒಲೆಯ ಕೆಳಗೆ ಹಳೆಯ ಕಾಲದ ಕೊಪ್ಪರಿಗೆ ಸಿಕ್ಕಿದೆ.

ಪಾಂಗ್ ಲಿಯು ಆಣೆ ಹಾಕಿ ಇಲ್ಲವೆಂದ. ಸಿಕ್ಕಿದವರು ಯಾರು ತಾನೇ ಹೌದು ಅಂದಾರು ಎಂದು ಗೆಂಗ್ ಕಣ್ಣು ಹೊಡೆದ. ಪಾಂಗ್ ಲಿಯುವಿಗೆ ರೇಗಿತು. ಹೌದಪ್ಪ, ಕೊಪ್ಪರಿಗೆಯಲ್ಲ, ತಾಮ್ರದ ಗುಡ್ಡವೇ ಸಿಕ್ಕಿದೆ, ನಿನ್ನ ಮನೆಯ ಅಡಿಗೂ ಹಬ್ಬಿದೆ ಎಂದು ಗೇಲಿ ಮಾಡಿದ. ಆ ದಿನ ಮಧ್ಯಾಹ್ನ ಗೆಂಗ್ ತನ್ನ ಅಂಗಡಿಯ ನೆಲ ಅಗೆಯುತ್ತಿರುವುದನ್ನು ಬೀದಿಯೆಲ್ಲ ನೋಡಿತು. ಗುಡ್ಡದ ವಿಷಯದಲ್ಲಿ ನಮಗೆ ಆಮೇಲೆ ಸಂಶಯ ಉಳಿಯಲಿಲ್ಲ.

ಕೊಪ್ಪರಿಗೆ ಸಿಕ್ಕವನ ಜೊತೆ ಊರು ನಡೆದುಕೊಳ್ಳುವ ರೀತಿಯೇ ಬೇರೆ. ನಾಡದೋಣಿಯ ಕೂಲಿಗಳು ಇಡೀ ತಂಡಕ್ಕೆ ರೊಟ್ಟಿ ಕೊಂಡು ಒಂದು ನೂರು ಎಸೆದು ಹೋಗುತ್ತಿದ್ದರು. ಇಷ್ಟು ದಿನ ಅದರಲ್ಲಿ ಎಪ್ಪತ್ತೈದು ಇರುತ್ತಿತ್ತು, ಈಗ ಎಪ್ಪತ್ತಕ್ಕೆ ಇಳಿಯಿತು. ಕೇಳಿದರೆ, ಭರ್ತಿ ನೂರಿನ ಧಣಿ ಐದು ಕಾಸಿಗೆ ಬಾಯಿ ಬಿಡುತ್ತಾರೆಯೇ ಎನ್ನುತ್ತಿದ್ದರು. ಮನೆಯ ಮೂಲೆಯಲ್ಲಿ ಸೀಸದ ಕಾಸು, ಅಂಚು ಕತ್ತರಿಸಿದ ಕಾಸು, ಎಲ್ಲೂ ನಡೆಯದ ಕಳ್ಳಕಾಸು ಇಟ್ಟುಕೊಂಡವರೆಲ್ಲ ಅವನ್ನು ತಂದು ರೊಟ್ಟಿ ಕೊಂಡರು. ಅಷ್ಟು ದೊಡ್ಡ ರಾಶಿಯಲ್ಲಿ ಇವು ಕಂಡಾವೇ ಎನ್ನುವುದು ಎಲ್ಲರ ಸಮಾಧಾನ. ಬೆಟ್ಟದ ಮಠದಿಂದ ಇಬ್ಬರು ಭಿಕ್ಷುಗಳು ಗಂಟೆ ಎರಕ ಹೊಯ್ಯಲು ತಾಮ್ರ ಬೇಡಿ ಬಂದು, ರೊಟ್ಟಿ ತಿಂದು, ಗಂಟೆಯ ಅಳತೆ ಹೇಳಿ ಹೋದರು. ಪಾಂಗ್ ಲಿಯು ನಷ್ಟ ತುಂಬಿಕೊಳ್ಳಲು ರೊಟ್ಟಿಯನ್ನು ಒಂದು ಬೆರಳು ಸಣ್ಣದು ಮಾಡಿದ. ದುಡ್ಡು ಬಂದ ಮೇಲೆ ಮನುಷ್ಯ ಹೇಗೆ ಜಿಪುಣನಾಗುತ್ತಾನೆ ನೋಡಿ ಎಂದು ಜನ ಮರುಗಿದರು.

ಕೊನೆಗೆ ಭಾವಮೈದ ಯಾನ್ ಸಾನ್ ಬಂದ. ಕೋಟೆಯ ಹೊರಗಿನ ಹಳ್ಳಿಯವನು. ಆರು ವರ್ಷದಿಂದ ಅಕ್ಕನ ಮುಖ ನೋಡದವನು ಈಗ ಹೆಂಡತಿ, ಅತ್ತೆ, ಒಂದು ಆಡು ಸಮೇತ ಬಂದು ಒಲೆಯ ಪಕ್ಕದಲ್ಲೇ ಚಾಪೆ ಹಾಸಿದ. ಮಾತಿನ ನಡುವೆ ಕೋಲಿನಿಂದ ನೆಲ ಕುಟ್ಟಿ ಕಿವಿಗೊಡುತ್ತಿದ್ದ. ಟೊಳ್ಳು ಸದ್ದು ಬಂದ ಕಡೆಯಲ್ಲೆಲ್ಲ ಇದ್ದಿಲಿನಿಂದ ಗುರುತು ಮಾಡಿದ. ಭಾವ ಸಂಕೋಚ ಬಿಟ್ಟು ಹೇಳಲಿ, ರಕ್ತಸಂಬಂಧದವರ ಹತ್ತಿರ ಮುಚ್ಚುಮರೆ ಎಂಥದ್ದು ಎಂದ. ಪಾಂಗ್ ಲಿಯು ತನ್ನ ಚಳಿಗಾಲದ ಅಂಗಿಯನ್ನು ಒತ್ತೆ ಇಟ್ಟು ಬಂದದ್ದೇ ಆ ಹೊತ್ತಿಗೆ. ಅಂಗಿಗೆ ಸಿಕ್ಕಿದ ಕಾಸು ಆಡಿನ ಹುಲ್ಲಿಗೂ ಯಾನ್ ಸಾನ್‌ನ ಅತ್ತೆಯ ಕಷಾಯಕ್ಕೂ ಸರಿಹೋಯಿತು.

"ಜನ ನನ್ನ ಶ್ರೀಮಂತ ಅಂದ ಮೇಲೇ ನಾನು ಇಷ್ಟು ಬಡವ ಆಗಿದ್ದು," ಎಂದ ಹೆಂಡತಿಯ ಹತ್ತಿರ.

ಅವಳಿಗೆ ನಗು ಬಂತು, ಅಳುವೂ ಬಂತು. ಮಡಕೆಯ ಅಡಿಯ ಎಂಟು ಸರ ಹಾಗೇ ಇತ್ತು, ಅದಕ್ಕೆ ಒಂದು ಕಾಸೂ ಕೂಡಿರಲಿಲ್ಲ. ಮದುವೆಗೆ ಉಳಿದದ್ದು ಅರ್ಧ ತಿಂಗಳು. ದೌ ಯಜಮಾನರ ಮಗ ರೊಟ್ಟಿಗೆ ಬರುವುದನ್ನು ನಿಲ್ಲಿಸಿದ್ದ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಯಿಂಗ್‌ನಿಯಾಂಗ್ ಮಾತ್ರ ಬೆಳಿಗ್ಗೆ ಬಾಗಿಲ ಹತ್ತಿರ ಬೇಡದ ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಠಾಣಾಧಿಕಾರಿ ಕ್ವೋ ಇಬ್ಬರು ಪೇದೆಗಳನ್ನು ಕಟ್ಟಿಕೊಂಡು ಬಂದ. ಕ್ವೋ ಸಾಹೇಬ ಮಾತು ಕಮ್ಮಿಯವನು, ಮೂಗಿನಿಂದಲೇ ವಿಚಾರಣೆ ನಡೆಸುವವನು. ಅವನ ಕಿವಿಗೆ ಕೊಪ್ಪರಿಗೆಯ ಕಥೆ ಬಿದ್ದಿತ್ತು, ಅದನ್ನು ಅವನು ನಂಬಿರಲಿಲ್ಲ. ಅವನದು ಇನ್ನೂ ಬುದ್ಧಿವಂತ ತರ್ಕ. ಒಬ್ಬ ಮನುಷ್ಯ ಭರ್ತಿ ನೂರು ಕೊಡುತ್ತೇನೆ ಎನ್ನುತ್ತಾನೆ. ಅವನ ಮನೆಯಲ್ಲಿ ದೊಡ್ಡ ಒಲೆ ಇದೆ, ಬೆಳಕು ಹರಿಯುವ ಮೊದಲೇ ಉರಿಯುತ್ತದೆ. ಅದನ್ನು ಈಚೆಗೆ ಹೊಸದಾಗಿ ಕಟ್ಟಿದ್ದಾನೆ. ಅವನು ರೊಟ್ಟಿ ಬೇಯಿಸುತ್ತಿಲ್ಲ, ಕಾಸು ಎರಕ ಹೊಯ್ಯುತ್ತಿದ್ದಾನೆ. ಕಾಸು ಎರಕ ಹೊಯ್ದವರಿಗೆ ನಮ್ಮ ದೇಶದಲ್ಲಿ ಏನು ಕಾದಿದೆ ಎನ್ನುವುದನ್ನು ಊಟದ ಹೊತ್ತಿನಲ್ಲಿ ಯಾರೂ ಆಡುವುದಿಲ್ಲ.

ಪೇದೆಯೊಬ್ಬ ಪುರಾವೆ ಹುಡುಕಲು ಒಲೆಯೊಳಗೆ ಕೈ ಹಾಕಿ, ಸುಟ್ಟುಕೊಂಡು, ಒಂದು ರೊಟ್ಟಿಯ ಸಮೇತ ಹೊರಗೆ ತೆಗೆದ. ಇನ್ನೊಬ್ಬ ಹಲಗೆಯ ಕೆಳಗಿನ ಬುಟ್ಟಿ ಎತ್ತಿ ಸುರಿದ. ಸೀಸದ ಕಾಸು, ಕತ್ತರಿಸಿದ ಕಾಸು, ಕಳ್ಳಕಾಸು ನೆಲದ ಮೇಲೆ ಹರಡಿದವು. ಬೀದಿಗೆ ಬೀದಿಯೇ ಸುತ್ತ ನಿಂತಿತ್ತು.

"ಇವು ಎಲ್ಲಿಂದ ಬಂದ್ವು?"

"ಇವರೇ ಕೊಟ್ಟಿದ್ದು ಸ್ವಾಮಿ, ಎಲ್ರೂ," ಎಂದು ಪಾಂಗ್ ಲಿಯು ಸುತ್ತ ಕೈ ತೋರಿಸಿದ.

ನಾವು ಆ ಕಾಸುಗಳನ್ನು ಬಗ್ಗಿ ನೋಡಿದೆವು. ಇಂಥ ಕೆಟ್ಟ ಕಾಸನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಗೆಂಗ್ ಅಂತೂ ತಾನೇ ಮೊನ್ನೆ ಸಾಗಿಸಿದ ಒಂದನ್ನು ಎತ್ತಿ ಹಲ್ಲಿನಿಂದ ಕಚ್ಚಿ ನೋಡಿ, ಛೆ, ಎಂಥ ಕಾಲ ಬಂತು ಎಂದು ನಿಟ್ಟುಸಿರು ಬಿಟ್ಟ. ಇಷ್ಟು ದಿನ ನೆಲ ಕುಟ್ಟುತ್ತಿದ್ದ ಯಾನ್ ಸಾನ್ ಆಡಿನ ಹಗ್ಗ ಬಿಚ್ಚುತ್ತ, ತಾನು ದೂರದ ನೆಂಟ, ಬಹಳ ದೂರದ ನೆಂಟ ಎಂದು ಪೇದೆಗೆ ಹೇಳುತ್ತಿದ್ದ.

ಕ್ವೋ ಸಾಹೇಬ ಮೂಗು ಕೆರೆದುಕೊಂಡು ಒಂದು ದಾರಿ ಹೇಳಿದ. ಬಳುವಳಿಯ ಎಂಟು ಸರವನ್ನು ಇಲ್ಲೇ, ಎಲ್ಲರೆದುರು, ಬಿಚ್ಚಿ ಎಣಿಸಬೇಕು. ಭರ್ತಿ ನೂರು ಇದ್ದರೆ ಅಷ್ಟು ಕಾಸು ಎಲ್ಲಿಂದ ಬಂತೆಂದು ಠಾಣೆಯಲ್ಲಿ ಕೇಳಬೇಕಾಗುತ್ತದೆ. ಬೀದಿಯ ನೂರೇ ಇದ್ದರೆ ಈತ ಬರೀ ಸುಳ್ಳುಗಾರ, ಸುಳ್ಳಿಗೆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಪಾಂಗ್ ಲಿಯುವಿಗೆ ಜೀವ ಬಂದಂತಾಯಿತು. ಈಗಲೇ ತರುತ್ತೇನೆ ಎಂದು ಒಳಗೆ ತಿರುಗಿದವನು, ಗುಂಪಿನ ಅಂಚಿನಲ್ಲಿ ಹೌ ಅಜ್ಜಿಯನ್ನು ಕಂಡ. ಅಜ್ಜಿಯ ಪಕ್ಕದಲ್ಲಿ ದೌ ಯಜಮಾನರು. ಅವರ ಹಿಂದೆ ಹುಡುಗ.

ಅವನ ಮಂದ ತಲೆ ಜೀವಮಾನದಲ್ಲಿ ಒಮ್ಮೆ ಚುರುಕಾಗಿ ಓಡಿದ್ದು ಆಗ. ಭರ್ತಿ ನೂರು ಇದೆ ಎಂದರೆ ತಲೆ ಹೋಗುತ್ತದೆ, ಮಗಳ ಮದುವೆ ನಿಲ್ಲುತ್ತದೆ. ಇಲ್ಲ ಎಂದರೆ ತಲೆ ಉಳಿಯುತ್ತದೆ, ಮಗಳ ಮದುವೆ ನಿಲ್ಲುತ್ತದೆ. ಅಧಿಕಾರಿಯ ಕಿವಿಯ ಹತ್ತಿರ ಹೋಗಿ, ಮನೆಯೊಳಗೆ ಎಣಿಸೋಣವೇ, ಬಿಸಿ ರೊಟ್ಟಿ ಇದೆ ಎಂದ. ಕ್ವೋ ಸಾಹೇಬನ ಮೂಗು ರೊಟ್ಟಿಯ ಕಡೆ ಒಮ್ಮೆ ತಿರುಗಿ ವಾಪಸು ಬಂತು.

ಎಂಟು ಸರ ಬೀದಿಯ ನಡುವೆ ಬಂತು. ಕೈ ಸುಡದ ಪೇದೆ ಕೂತು ಗಂಟು ಬಿಚ್ಚಿದ. ಮೊದಲ ನೂರಿನಲ್ಲಿ ಎಪ್ಪತ್ತೈದು. ಎರಡನೆಯದರಲ್ಲಿ ಎಪ್ಪತ್ತೈದು. ಮೂರನೆಯದರಲ್ಲಿ ಎಪ್ಪತ್ನಾಲ್ಕು, ಪಾಂಗ್ ಲಿಯುವಿನ ಹೆಂಡತಿ ಆಕಾಶ ನೋಡಿದಳು. ಇನ್ನೂ ನಾಲ್ಕು ಗಂಟು ಬಿಚ್ಚಿಸಿ ಕ್ವೋ ಸಾಹೇಬ ಸಾಕು ಎಂದ.

"ಭರ್ತಿ ನೂರು ಎಲ್ಲಿ?"

"ಇಲ್ಲ ಸ್ವಾಮಿ. ಯಾವತ್ತೂ ಇರಲಿಲ್ಲ. ಬಾಯಲ್ಲಿ ಇತ್ತು, ಅಷ್ಟೇ."

"ಮತ್ತೆ ಯಾಕೆ ಅಂದೆ?"

ಪಾಂಗ್ ಲಿಯು ಹಿಟ್ಟು ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡ. ಮುಖವೂ ಬೆಳ್ಳಗಾಯಿತು.

"ನನ್ನ ಮಗಳನ್ನ ಅರವತ್ತೆಂಟಕ್ಕೆ ಹಾಕಿದ್ರು ಸ್ವಾಮಿ. ಮಿಡತೆ ಜೊತೆ. ನನಗೆ ತಡ್ಕೊಳೋಕೆ ಆಗ್ಲಿಲ್ಲ. ಅರವತ್ತೆಂಟು ಅಲ್ಲ ಅಂತ ಹೇಳೋಕೆ ಎದ್ದೆ. ಮೇಲೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ."

ಯಾರೂ ನಗಲಿಲ್ಲ. ಹೌ ಅಜ್ಜಿ ಎಲ್ಲರಿಗಿಂತ ಮೊದಲು ತಲೆ ತಗ್ಗಿಸಿದಳು. ದೌ ಯಜಮಾನರು ಗುಂಪು ಸೀಳಿಕೊಂಡು ಮುಂದೆ ಬಂದರು. ಅವರ ಮುಖ ಕೆಂಪಾಗಿತ್ತು. ಇನ್ನೇನು ಸಂಬಂಧ ಹರಿದುಹೋಯಿತು ಎಂದು ಪಾಂಗ್ ಲಿಯು ಕಣ್ಣು ಮುಚ್ಚಿಕೊಂಡ.

"ಅಲ್ರೀ ಬೀಗರೇ, ಸುಳ್ಳು ಅಂತ ಒಂದು ಮಾತು ಬಂದು ಹೇಳ್ಬಾರ್ದಿತ್ತಾ? ನನ್ನ ಎರಡು ದೊಡ್ಡ ಮೀನಿನ ತೊಟ್ಟಿ ಒತ್ತೆ ಇಟ್ಟು ಕೂತಿದ್ದೀನಲ್ರೀ."

ಪಾಂಗ್ ಲಿಯು ಒಂದು ಕಣ್ಣು ತೆರೆದ. ದೌ ಯಜಮಾನರು ತಮ್ಮ ಗೋಳನ್ನು ಬೀದಿಗೆಲ್ಲ ಕೇಳುವಂತೆ ತೋಡಿಕೊಂಡರು. ಹೆಣ್ಣಿನ ಕಡೆಯವರು ಭರ್ತಿ ನೂರು ತರುತ್ತಾರೆ, ತಾವು ಅರವತ್ತೆಂಟು ಕೊಡುತ್ತೇವೆ ಎಂದರೆ ಮೀನುಪೇಟೆಯಲ್ಲಿ ತಲೆ ಎತ್ತುವ ಹಾಗಿದೆಯೇ? ತಾವೂ ಭರ್ತಿ ನೂರೇ ಕೊಡಬೇಕೆಂದು ಓಡಾಡಿದ್ದರು. ಹನ್ನೆರಡು ಸರ ತುಂಬಿಸುವುದೆಂದರೆ ಹುಡುಗಾಟವೇ? ಮಗನನ್ನು ರೊಟ್ಟಿಗೂ ಬಿಡದೆ ಊರೂರು ಮೀನು ಹೊರಿಸಿದ್ದರು. ಇವತ್ತು ಬಂದದ್ದು ಕಾಲು ಹಿಡಿಯುವುದಕ್ಕೆ, ಮದುವೆಯನ್ನು ಮುಂದಿನ ವಸಂತಕ್ಕೆ ಹಾಕಿ ಎಂದು ಬೇಡುವುದಕ್ಕೆ. ಹಿಂದೆ ನಿಂತ ಹುಡುಗನ ಹೆಗಲ ಮೇಲೆ ಕಾವಡಿಯ ಗಾಯ ಕೆಂಪಗೆ ಕಾಣುತ್ತಿತ್ತು. ಬಾಗಿಲ ಹಿಂದಿನಿಂದ ಯಿಂಗ್‌ನಿಯಾಂಗ್ ಅದನ್ನೇ ನೋಡುತ್ತಿದ್ದಳು.

"ಎಪ್ಪತ್ತೈದು?" ಎಂದ ಪಾಂಗ್ ಲಿಯು, ಹೆದರಿ ಹೆದರಿ.

"ಎರಡೂ ಕಡೆ ಎಪ್ಪತ್ತೈದು," ಎಂದರು ದೌ ಯಜಮಾನರು. ಇಬ್ಬರೂ ಬೀದಿಯ ನಡುವೆ ಕಾಸಿನ ರಾಶಿಯ ಮೇಲೆ ಕೂತು ನಕ್ಕರು, ಆಮೇಲೆ ಸ್ವಲ್ಪ ಅತ್ತರು. ಮೂರನೆಯ ನೂರಿಗೆ ಒಂದು ಕಾಸು ಪಾಂಗ್ ಲಿಯುವಿನ ಹೆಂಡತಿಯೇ ತಂದು ಪೋಣಿಸಿದಳು, ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

ಕ್ವೋ ಸಾಹೇಬ ಕೆಮ್ಮಿದ. ಬಂದ ಅಧಿಕಾರಿ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ವಿಚಾರಣೆಯ ಖರ್ಚು ಒಂದು ನೂರು ಆಗುತ್ತದೆ, ಸರ್ಕಾರಿ ನೂರು, ಎಪ್ಪತ್ತೇಳು ಎಂದ. ಹೊಸ ಬೀಗರಿಬ್ಬರೂ ಮುಖ ಮುಖ ನೋಡಿಕೊಂಡರು. ಸಾಹೇಬರು ವಿಚಾರಣೆ ಬರೆದುಕೊಂಡಿರಲ್ಲವೇ ಎಂದು ದೌ ಯಜಮಾನರು ನಯವಾಗಿ ಕೇಳಿದರು. ಬರೆದುಕೊಂಡೆ ಎಂದ ಅವನು. ಹಾಗಾದರೆ ಅದು ಅಕ್ಷರದ ಕೆಲಸ, ಐವತ್ತಾರು ಎಂದ ಪಾಂಗ್ ಲಿಯು. ಕ್ವೋ ಸಾಹೇಬನ ಮೂಗು ಬಹಳ ಹೊತ್ತು ಯೋಚಿಸಿತು. ಬೀದಿಯೆಲ್ಲ ಹೌದೌದು ಎಂದಿತು. ಕೊನೆಗೆ ಐವತ್ತಾರು ಕಾಸು, ಆರು ರೊಟ್ಟಿ ತೆಗೆದುಕೊಂಡು, ಕಳ್ಳಕಾಸಿನ ಬುಟ್ಟಿಯನ್ನು ಪೇದೆಗೆ ಹೊರಿಸಿಕೊಂಡು ಅವನು ಹೊರಟುಹೋದ.

ಮದುವೆ ಹೇಳಿದ ದಿನಕ್ಕೇ ಆಯಿತು. ಬೆಳಿಗ್ಗೆ ದೌ ಮನೆಯಿಂದ ಪಲ್ಲಕ್ಕಿ ಬಂತು, ವಾದ್ಯದವರು ಬಂದರು. ಯಿಂಗ್‌ನಿಯಾಂಗ್ ತಾಯಿಯನ್ನು ತಬ್ಬಿ, ತಂದೆಗೆ ಅಡ್ಡಬಿದ್ದು, ಪಲ್ಲಕ್ಕಿಯಲ್ಲಿ ಕೂತಳು, ಪರದೆ ಇಳಿಯಿತು. ಪಲ್ಲಕ್ಕಿ ಹೊರುವವರ ಹಠ ಗೊತ್ತಿದ್ದದ್ದೇ, ಶುಭದ ಕಾಸು ಕೈಗೆ ಬೀಳದೆ ಅವರು ಹೆಗಲು ಕೊಡುವುದಿಲ್ಲ. ಮುಂದಿನ ದಂಡ ಹೊರುವವನು ಬಟ್ಟೆ ಹಾಸಿ, ಈ ಮನೆಯಲ್ಲಿ ಮಾತ್ರ ಭರ್ತಿ ನೂರು ಬೇಕು ಎಂದ. ಜನ ಘೊಳ್ಳೆಂದು ನಕ್ಕರು. ಪಾಂಗ್ ಲಿಯುವಿನ ಹೆಂಡತಿ ಮೊದಲೇ ಸಿದ್ಧಮಾಡಿದ್ದ ಬೀದಿಯ ನೂರನ್ನು ಮುಂದೆ ಚಾಚಿದಳು.

ಪಾಂಗ್ ಲಿಯು ಅವಳ ಕೈ ತಡೆದ. ಒಳಗೆ ಹೋಗಿ ಆ ವಾರದ ರೊಟ್ಟಿಯ ಕಾಸೆಲ್ಲ ಇದ್ದ ಬುಟ್ಟಿ ತಂದು, ಬಟ್ಟೆಯ ಮುಂದೆ ಕೂತು, ಒಂದೊಂದೇ ಕಾಸು ಎಣಿಸಿ ಹಾಕತೊಡಗಿದ. ಮೂವತ್ತರ ಹತ್ತಿರ ತಪ್ಪಿತು ಎಂದ. ಎಲ್ಲ ಬುಟ್ಟಿಗೆ ತುಂಬಿಕೊಂಡು ಮತ್ತೆ ಒಂದರಿಂದ ಶುರುಮಾಡಿದ. ಅರವತ್ತು ದಾಟಿದ ಮೇಲೆ ಮತ್ತೆ ತಪ್ಪಿತು. ವಾದ್ಯದವರು ಊದಿ ಊದಿ ನಿಲ್ಲಿಸಿದರು. ಹೌ ಅಜ್ಜಿ ಒಳ್ಳೆಯ ಗಳಿಗೆ ಮೀರುತ್ತದೆ ಎಂದು ಗೊಣಗಿದಳು. ಹೊರುವವನಿಗೆ ತನ್ನ ಹಠವೇ ಸಾಕಾಗಿ, ಎಷ್ಟಿದೆಯೋ ಅಷ್ಟು ಕೊಡಿ ಅಣ್ಣ, ಎಪ್ಪತ್ತೈದೂ ಬೇಡ ಎಂದ. ಪಾಂಗ್ ಲಿಯು ಕೇಳಿಸಿಕೊಳ್ಳಲಿಲ್ಲ. ನಡುವೆ ತಪ್ಪಿದ್ದು ಯಾಕೆಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಅರ್ಥವಾಗಿತ್ತು, ಯಾರೂ ಅವಸರ ಮಾಡಲಿಲ್ಲ. ಮೂರನೆಯ ಸಲ ಅವನು ಬಹಳ ನಿಧಾನವಾಗಿ ಎಣಿಸಿದ. ತೊಂಬತ್ತರ ಆಚೆ ಅವನ ದನಿ ನಿಂತುಹೋಯಿತು, ಕೈ ಮಾತ್ರ ಆಡುತ್ತಿತ್ತು. ಆಮೇಲೆ ಕೈಯೂ ನಿಂತಿತು. ಎಲ್ಲಿಗೆ ಬಂದಿದ್ದೆ, ತಪ್ಪಿತು, ಮತ್ತೆ ಮೊದಲಿಂದ ಎಂದು ಬಟ್ಟೆಗೆ ಕೈ ಹಾಕಿದ.

ಪರದೆಯ ಒಳಗಿನಿಂದ ಯಿಂಗ್‌ನಿಯಾಂಗ್‌ಳ ದನಿ ಬಂತು.

"ತಪ್ಪಿಲ್ಲ ಅಪ್ಪ. ತೊಂಬತ್ತೊಂಬತ್ತಾಯ್ತು, ನಾನೂ ಎಣಿಸ್ತಿದ್ದೆ. ಇನ್ನೊಂದು ಹಾಕಿಬಿಡು."

ಪಾಂಗ್ ಲಿಯು ಬುಟ್ಟಿಯಿಂದ ಒಂದು ಕಾಸು ತೆಗೆದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಹಾಕಿದ. ಹೊರುವವರು ಬಟ್ಟೆಯ ಗಂಟು ಕಟ್ಟಿಕೊಂಡು ಪಲ್ಲಕ್ಕಿ ಎತ್ತಿದರು.